ಬಡಿಸೋಪು

ಹುಬ್ಬಳ್ಳಿ ಸ್ಟೇಷನ್ ರೋಡಿನ ಆ ಹೋಟೆಲ್ಲಿನಾಗ
ಒಂದರಿಂದ ಐದು ನಂದು, ಆರರಿಂದ ಹತ್ತು ದಿಯೋಗಂದು.
ರೊಟ್ಟಿ ಒಂದ ಹಂಚಿಂದು, ಎಣ್ಣೆಗಾಯಿ ಒಂದ ಬೋಗಾಣಿದು,
ಫ್ಯಾನ್ ಸುದ್ದಾ ಎಲ್ಲಾರಿಗೂ ಒಂದ ನಮೂನಿ ಕಿರಗುಡತಿತ್ತು.
ರಾತ್ರಿ ಹನ್ನೊಂದಕ್ಕ ಶಟರ್ ಅರ್ಧಾ ಇಳಿಸಿ
ಕಿಸೆ ಝಾಡಿಸಿದ್ರ
ನನ್ನ ಮುಂದ ನೂರಾ ಎಂಬತ್ತು, ಒಮ್ಮೊಮ್ಮೆ ಇನ್ನೂರು,
ಅವನ ಮುಂದ ಎರಡು ನಾಣ್ಯ, ಯಾರೋ ಬಿಟ್ಟ ಚಾಕಲೇಟು.

ಇವಂಗ ನಗಾಕ ಬರೂದಿಲ್ಲ, ಅದಕ್ಕ ಹಿಂಗ
ಅಂತ ತಿಳಿದಿದ್ದೆ ಮೊದಮೊದಲು.
ಅವ ನಕ್ಕರ ಮಂದಿ ಮೊಬೈಲ್ ತೆಗೀತಿದ್ರು.

"ಯಾವ ದೇಶದಾಂವಪಾ?"
"ಕಲಘಟಗಿ ತಾಲೂಕ ರೀ."
"ಅದಲ್ಲೋ, ಮೂಲ, ಮೂಲ…"
"ಮೂಲಾನೂ ಅದ ರೀ. ನೀರು ತಣ್ಣಂದೋ, ಸಾದಾನೋ?"

ಒಬ್ಬಾಕಿ ಸಣ್ಣ ಹುಡುಗಿ ಅವನ ಗುಂಗುರು ಕೂದಲಾ ಮುಟ್ಟಿದ್ಲು.
ಅವ ಬಗ್ಗಿ ನಿಂತಿದ್ದ, ಮುಟ್ಟಲಿ ಅಂತ.
ತಾಯಿ ಪರ್ಸು ತೆಗೆದು
ಮಗಳ ಕೈಗೆ ಸ್ಯಾನಿಟೈಸರ್ ಹಾಕಿದ್ಲು.
ಕಾಲೇಜಿನ ಹುಡುಗರು ಕ್ರಿಕೆಟ್ಟಿನಾಗಿನ
ಯಾವ್ಯಾವುದೋ ಹೆಸರು ಹಚ್ಚಿ ಕರದು,
ಹೆಗಲ ಮ್ಯಾಲೆ ಕೈ ಹಾಕಿ ಫೋಟೋ ತಗೊಂಡು,
ಹೋಗೂವಾಗ ಬಿಲ್ಲಿನ ಚಿಲ್ಲರೆ
ಎರಡು ರೂಪಾಯಿ ಸುದ್ದಾ ಆರಿಸ್ಕೊಂಡು ಹೋದ್ರು.

ಉಪಾಯ ತೆಗೆದಾಂವ ಅವನ:
"ಫಕ್ಕೀರೇಶ, ಬಡಿಸೂದು ನಂದು, ಬಡಿಸೋಪು ನಿಂದು.
ಬಿಲ್ಲು ನೀ ಒಯ್ಯಿ. ಬಂದದ್ದು ಅರ್ಧಾ ಅರ್ಧಾ."
ಮೊದಲ ದಿನಾನ ಆರನೇ ಟೇಬಲ್ಲಿಂದ ಐವತ್ತು.
"ಸರ್ವಿಸ್ ಭಾಳ ಚಲೋ ತಮ್ಮಾ" ಅಂದ್ರು, ನನಗ!
ನಾ ಅವರಿಗೆ ಉಪ್ಪಿನ ಡಬ್ಬೀನೂ ಸರಿಸಿದ್ದಿಲ್ಲ.
ಅಡಿಗಿಮನ್ಯಾಗ ಬಿದ್ದು ಬಿದ್ದು ನಕ್ವಿ ಇಬ್ಬರೂ.
ಅವ ಸ್ವಲ್ಪ ಲಗೂನ ನಗೂದು ನಿಲ್ಲಿಸಿದ.

ಈಗ ಹೇಳಬೇಕಾದ್ದು ಹೇಳತೀನಿ.
ಗದಗಿನವರು, ಲಗ್ನದ ಜವಳಿ ಮುಗಿಸಿ ಬಂದವರು,
ಏಳು ಮಂದಿ. ರೊಟ್ಟಿಗೆ ಅಂತ ದಿಯೋಗ
ಎಷ್ಟು ಸಲ ಓಡಿದ ನಾ ಎಣಿಸಲಿಲ್ಲ.
ಬಡಿಸೋಪಿನ ತಾಟಿನಾಗ ನೂರು ಇಟ್ಟರು.
"ಎಷ್ಟ?" ಅಂದ ಅವ, ಕೈ ಒರಸ್ಕೋತ.
"ನಲವತ್ತು" ಅಂದೆ.

ಅವ್ವಗ ಔಷಧ ತರೂದಿತ್ತು ಅನ್ನಬಹುದು. ಇದ್ದಿಲ್ಲ.
ದುರ್ಗದಬೈಲಿನಾಗ ಒಂದು ಜೋಡು ಚಪ್ಪಲಿ ನೋಡಿಟ್ಟಿದ್ದೆ.
ಅದೂ ಖರೇ ಕಾರಣ ಅಲ್ಲ.
ಅವಂಗ ಕಡಿಮಿ ಸಿಗೂದು
ನನ್ನ ಕಣ್ಣಿಗೂ ರೂಢಿ ಆಗಿತ್ತು.
ಟೇಬಲ್ಲಿನವರ ಕಣ್ಣು ತಾಟಿನ ಜೋಡಿ
ನಾನೂ ಎತ್ತಿಕೊಂಡು ಬಂದಿದ್ದೆ, ಗೊತ್ತಾಗಲಿಲ್ಲ.
ಅವ ಇಪ್ಪತ್ತು ಮಡಚಿ ಇಟ್ಕೊಂಡ.
ಎಂದಿನಂಗ ನನ್ನ ಚಹಾಕ್ಕೂ ಅವನ ರೊಕ್ಕ ಕೊಟ್ಟ.

ದೀಪಾವಳಿ ಆದ ಮ್ಯಾಲೆ ಕೆಲಸಾ ಬಿಟ್ಟ.
ಬ್ಯಾಡಗಿ ಕಡೆ, ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್:
"ಅಲ್ಲಿ ಚೀಲ ನನ್ನ ಮಾರಿ ನೋಡೂದಿಲ್ಲೋ."

ಮುಂದಿನ ಬ್ಯಾಸಿಗ್ಯಾಗ ಒಂದಿನ
ಇಸ್ತ್ರಿ ಅಂಗಿ ಹಾಕ್ಕೊಂಡು ಬಂದ, ಗಿರಾಕಿ ಆಗಿ.
ಐದನೇ ಟೇಬಲ್ಲಿಗೇ ಬಂದು ಕುಂತ, ನಂದು.
ಊಟಾ ಬಡಿಸಿದೆ. ಬ್ಯಾಡ ಅಂದ್ರೂ ಮೊಸರು ಇಟ್ಟೆ.
ನನ್ನ ಕಾಲಿನ ಚಪ್ಪಲಿ ಕಡೆ ನೋಡಿದನೋ ಇಲ್ಲೋ.
ಬಿಲ್ಲು ಕೊಟ್ಟ ಮ್ಯಾಲೆ
ಬಡಿಸೋಪಿನ ತಾಟಿನಾಗ ನೂರರ ನೋಟು.
"ಇದು ಭಾಳಾತೋ ದಿಯೋಗ" ಅಂದೆ.
ನಾಕು ಕಾಳು ಬಾಯಾಗ ಹಾಕ್ಕೊಂಡ, ಸಾವಕಾಶ ಅಗದ.
"ನಲವತ್ತಂತ ತಿಳ್ಕೋ" ಅಂದ.

ಬಾಗಲದಾಗ ಮಾಲಕ ಅವಂಗ ನಮಸ್ಕಾರ ಮಾಡಿದ,
ಗುರತು ಸಿಕ್ಕಿದ್ದಿಲ್ಲ ಅಂತ ಕಾಣತೈತಿ.
ನೋಟಿಗೆ ಮೆಣಸಿನಕಾಯಿ ಘಾಟು ಹತ್ತಿತ್ತು.
ಎತ್ತಿದೆ, ಸೀನು ಬಂತು, ಮತ್ತ ಬಂತು.
ಎರಡನೇ ಟೇಬಲ್ಲಿನವರು ನೀರು ನೀರು ಅಂತ
ಒದರಾಕ ಹತ್ತಿದ್ರು.